ನಿಧಾನಪ್ಪನ ರಜೆ ಚೀಟಿ

ಇಷ್ಟೆಲ್ಲ ತಾಪತ್ರಯಕ್ಕೆ ಕಾರಣ ಒಂದೇ ಒಂದು ಸಾಲು. ಅಕ್ಕನ ಮಗಳು ಚೀಟಿಯಲ್ಲಿ ಬರೆದುಕೊಟ್ಟಿದ್ದ ಆ ಸಾಲಿನಲ್ಲಿ ಇದ್ದದ್ದು ಎರಡೇ ಪದ: ಮೊದಲು ಪೈಥಾನ್, ಜಾಗ ಬಿಟ್ಟು ಅವಳೇ ಬರೆದ ಪ್ರೋಗ್ರಾಮಿನ ಹೆಸರು. ನಿಧಾನಪ್ಪ ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಮೊದಲ ಪದ ಹೊಡೆದು, ಅಭ್ಯಾಸಬಲದಿಂದ ಎಂಟರ್ ಒತ್ತಿಬಿಟ್ಟ.

ನಿಧಾನಪ್ಪ ಎಂಬುದು ನೀರು ಸರಬರಾಜು ಕಚೇರಿಯವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರಿನ ನೆಲದಡಿಯ ಪೈಪುಗಳ ನಾಲ್ಕು ಸಾವಿರ ನಕಾಶೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಮೂಲೆಯಲ್ಲಿದ್ದ ಅವನ ಫೋಲ್ಡರಿಗೆ ಹಾಕಿದ್ದರು. ಒಂದೊಂದರ ಹೆಸರು ಅಳಿಸಿ ನಂಬರು ಕೊಡುವ ಕೆಲಸ ಅವನ ಕೊರಳಿಗೆ ಬಿದ್ದಿತ್ತು. ತಿಂಗಳಿಡೀ ಕುಟ್ಟಿದರೂ ಆರುನೂರು ದಾಟಿರಲಿಲ್ಲ. ಅದಕ್ಕೇ ಅಕ್ಕನ ಮಗಳು, ತಾನಿರುವ ಫೋಲ್ಡರಿನ ಫೈಲುಗಳಿಗೆಲ್ಲ ಒಂದೇ ಏಟಿಗೆ ನಂಬರು ಹಾಕುವ ಆ ಪ್ರೋಗ್ರಾಮ್ ಬರೆದುಕೊಟ್ಟಿದ್ದಳು. ನಾಳೆ ಬೆಳಿಗ್ಗೆ ಆರರ ರೈಲಿಗೆ ಹೆಂಡತಿಯನ್ನು ಸಮುದ್ರ ತೋರಿಸಲು ಕರೆದೊಯ್ಯಬೇಕು. "ಮುಂದಿನ ವರ್ಷ ಖಂಡಿತ" ಎಂಬ ಮಾತನ್ನು ಆಕೆ ಹದಿನೆಂಟು ವರ್ಷದಿಂದ ಕೇಳುತ್ತಿದ್ದಳು.

ಸಾಹೇಬರು ಅಂದು ಬೆಳಿಗ್ಗೆ ಎರಡು ರಜೆ ಚೀಟಿಗೆ ಸಹಿ ಹಾಕಿದ್ದರು, ಒಂದು ನಿಧಾನಪ್ಪನದು, ಇನ್ನೊಂದು ಸ್ಟೋರ್ ಕೀಪರನದು. ಕಾಗದ ಕಂಡರೆ ಸಾಹೇಬರಿಗೆ ಆಗದು. ಸಹಿಯಾದದ್ದನ್ನೆಲ್ಲ ಸ್ಕ್ಯಾನ್ ಮಾಡಿಸಿ, ಕಚೇರಿಯವರೆಲ್ಲರ ಫೈಲುಗಳಿರುವ ದೊಡ್ಡ ಫೋಲ್ಡರಿಗೆ ಸೇರಿಸಿ, ಮೂಲವನ್ನು ಅಲ್ಲೇ ಹರಿದು ಹಾಕುತ್ತಿದ್ದರು.

"ನಕಾಶೆ ಮುಗಿಸಿ, ಸಂಜೆ ಆ ಚೀಟಿ ತೆಗೆದು ತೋರಿಸಿ, ಹೊರಡಿ. ಒಂದು ರಜೆಗೆ ಎರಡು ಸಲ ಸಹಿ ಹಾಕೋನಲ್ಲ ನಾನು" ಎಂದಿದ್ದರು.

ಈಗ ಕಪ್ಪು ಕಿಟಕಿಯಲ್ಲಿ ಬಾಣದ ಮೊನೆಯಂಥ ಮೂರು ಗುರುತು ಮೂಡಿ, ಪಕ್ಕದಲ್ಲೊಂದು ಗೆರೆ ಮಿಣುಕುತ್ತಿತ್ತು. ಹತ್ತು ನಿಮಿಷವಾದರೂ ಅಷ್ಟೇ.

"ಏನೋ ಕಾಯ್ತಾ ಇದೆ ಕಣ್ರೀ" ಎಂದು ಟೈಪಿಸ್ಟ್ ಮೇಡಂ ಕುರ್ಚಿ ಎಳೆದುಕೊಂಡು ಬಂದರು.

"ಬಿಡಿ, ನಾನು ವಿಚಾರಿಸ್ತೀನಿ" ಎಂದು ಸ್ಟೋರ್ ಕೀಪರ್ ಮುಂದೆ ನುಗ್ಗಿ, ತನ್ನ ಸ್ಟೋರಿನ ನಲ್ಲಿಗಳ ಲೆಕ್ಕ ಹೊಡೆದ. ನೂರ ನಲವತ್ನಾಲ್ಕು ಗುಣಿಸು ಮೂವತ್ತೇಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಬಂದದ್ದೇ ತಡ, ಟೈಪಿಸ್ಟ್ ಮೇಡಂ ಮಗನ ಮಗ್ಗಿ ಪರೀಕ್ಷಿಸಿದರು, ಮೀಟರು ಓದುವವರು ಸಾಲುಗಟ್ಟಿ ನಿಂತರು. ತನ್ನದೇ ಕಂಪ್ಯೂಟರಿನ ಮುಂದೆ ನಿಧಾನಪ್ಪ ಏಳನೆಯವನಾದ.

ಊಟದ ಹೊತ್ತಿಗೆ ಜನ ಕರಗಿದ ಮೇಲೆ ಅಕ್ಕನ ಮಗಳಿಗೆ ಫೋನ್ ಮಾಡಿದ.

"ಅಯ್ಯೋ ಮಾಮ! ಪೈಥಾನ್ ಅಂದ್ರೆ ಹೇಳಿದ್ದು ಓದಿ, ಓದಿದ್ದು ಮಾಡೋ ಆಳು ಇದ್ದ ಹಾಗೆ. ನೀವು ಅವನನ್ನ ಕರೆದು ಕೆಲಸವೇ ಹೇಳದೆ ಕೂರಿಸಿದ್ದೀರ. ಮೊದಲು ಎಕ್ಸಿಟ್ ಕೊಟ್ಟು ಹೊರಗೆ ಬನ್ನಿ. ಆಮೇಲೆ ಎರಡೂ ಪದ ಒಟ್ಟಿಗೆ ಹೊಡೆದು, ಆಮೇಲೆ ಎಂಟರ್ ಒತ್ತಿ. ಒಂದೇ ಸಲ, ತಿಳೀತಾ?"

ಹಾಗೇ ಮಾಡಿದ. ಕಿಟಕಿ ಒಂದು ಗಳಿಗೆ ತಡೆದು, ಮರುಮಾತಿಲ್ಲದೆ ಹೊಸ ಸಾಲಿಗೆ ಬಂದು ನಿಂತಿತು. ಅಷ್ಟೇ.

ಅಲ್ಲೇ ಇದ್ದದ್ದು ಎಡವಟ್ಟು. ಆ ಕಚೇರಿಯಲ್ಲಿ ಒಂದು ಗುಂಡುಸೂಜಿ ಕೊಟ್ಟರೂ 'ತಲುಪಿದೆ' ಎಂದು ಸಹಿ, ಸೀಲು ಬೀಳಬೇಕು. ಸೀಲು ಬೀಳದ ಕೆಲಸ ಆಗಿದೆ ಎಂದು ಅಲ್ಲಿ ಯಾರೂ ನಂಬಿದ್ದಿಲ್ಲ.

"ಆಯ್ತು ಅಂತ ಒಂದು ಮಾತಾದರೂ ಹೇಳಬೇಕಿತ್ತಲ್ಲ?" ಎಂದ ನಿಧಾನಪ್ಪ.

"ಆಗಿಲ್ಲ ಅಂತಲೇ ಅರ್ಥ. ಇದೇನು, ಪ್ರೋಗ್ರಾಮನ್ನ ನಿಮ್ಮ ಮೂಲೆಯ ಫೋಲ್ಡರಲ್ಲಿ ಇಟ್ಟಿದ್ದೀರಿ? ಅಲ್ಲಿ ಯಾರು ಕೇಳ್ತಾರೆ? ದೊಡ್ಡ ಫೋಲ್ಡರಿಗೆ ಹಾಕಿ ನಡೆಸಿ" ಎಂದ ಸ್ಟೋರ್ ಕೀಪರ್, ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿದವನಂತೆ.

ನಿಧಾನಪ್ಪ ಪ್ರೋಗ್ರಾಮನ್ನು ದೊಡ್ಡ ಫೋಲ್ಡರಿಗೆ ನಕಲು ಮಾಡಿ ಅಲ್ಲಿಂದ ನಡೆಸಿದ. ಕಿಟಕಿ ಮತ್ತೆ ತುಟಿ ಬಿಚ್ಚಲಿಲ್ಲ. ಅವನೂ ಕೈಚೆಲ್ಲಿ ಕೂತ.

ಕಾಲು ಗಂಟೆಯಲ್ಲಿ ಟೈಪಿಸ್ಟ್ ಮೇಡಂ ಕೂಗು ಕೇಳಿಸಿತು. "ನನ್ನ ಪತ್ರಗಳೆಲ್ಲ ಎಲ್ಲಿ? ಬರೀ ನಕಾಶೆ ಒಂದು, ನಕಾಶೆ ಎರಡು ಅಂತಿದೆಯಲ್ಲ!"

ಎಲ್ಲರೂ ಓಡಿದರು. ದೊಡ್ಡ ಫೋಲ್ಡರಿನ ಐದು ಸಾವಿರ ಫೈಲುಗಳೂ ಶಾಲೆಯ ಮಕ್ಕಳಂತೆ ಒಂದೇ ಸಮವಸ್ತ್ರ ತೊಟ್ಟು ನಿಂತಿದ್ದವು. ನಿಧಾನಪ್ಪ ತನ್ನ ಮೂಲೆಯ ಫೋಲ್ಡರ್ ತೆರೆದ. ನಾಲ್ಕು ಸಾವಿರ ನಕಾಶೆಗಳೂ ಒಂದೂ ತಪ್ಪದೆ ನಂಬರು ಹೊತ್ತಿದ್ದವು. ಕೆಲಸ ಮೊದಲ ಸಲವೇ ಮುಗಿದಿತ್ತು!

ಗಲಾಟೆಗೆ ಸಾಹೇಬರು ಹೊರಬಂದರು. ನಕಾಶೆ ನೋಡಿ ಬೆನ್ನು ತಟ್ಟಿದರು. ನಿಧಾನಪ್ಪನಿಗೆ ಜೀವ ಬಂದಂತಾಯಿತು.

"ಶಹಭಾಸ್! ರಜೆ ನಿಮ್ಮದೇ. ಎಲ್ಲಿ, ಚೀಟಿ ತೋರಿಸಿ."

ಚೀಟಿ ಐದು ಸಾವಿರದಲ್ಲಿ ಒಂದಾಗಿತ್ತು. ಮತ್ತೆ ಅಕ್ಕನ ಮಗಳಿಗೆ ಫೋನ್ ಹೋಯಿತು. "ಹಳೇ ಹೆಸರು ಬರೆದಿಟ್ಟುಕೊಳ್ಳೋಕೆ ನೀವು ಹೇಳಿರಲಿಲ್ಲವಲ್ಲ ಮಾಮ. ಒಂದೊಂದೇ ತೆರೆದು ನೋಡಬೇಕಷ್ಟೆ" ಎಂದಳು.

ಮೊದಲ ಫೈಲ್ ತೆರೆದ. ರಜೆ ಚೀಟಿ! ನಾಳೆಯ ತಾರೀಖು, ಸಾಹೇಬರ ಸಹಿ! ನಿಧಾನಪ್ಪ ಕುರ್ಚಿಯಿಂದ ಎಗರಿಯೇ ಬಿಟ್ಟ.

"ಓ, ನಂದು ಸಿಕ್ತಾ? ಉಪಕಾರ ಆಯ್ತು ಕಣ್ರೀ" ಎಂದು ಸ್ಟೋರ್ ಕೀಪರ್ ಅದನ್ನು ಸಾಹೇಬರಿಗೆ ತೋರಿಸಿ, ಚೀಲ ಹೆಗಲಿಗೇರಿಸಿ ಹೊರಟೇಹೋದ.

ಸಂಜೆ ಆರು ಗಂಟೆಗೆ, ಇನ್ನೂರ ಹನ್ನೆರಡನೆಯ ಫೈಲಿನಲ್ಲಿರುವಾಗ ಹೆಂಡತಿಯ ಫೋನ್ ಬಂತು. ಹೇಗೆ ಹೇಳುವುದೆಂದು ಯೋಚಿಸುತ್ತಲೇ ಎತ್ತಿದ. ಆದರೆ ಆಕೆಯ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ನಿಮ್ಮ ಸ್ಟೋರ್ ಕೀಪರ್ ಮನೆಗೇ ಬಂದು ಎಲ್ಲ ಹೇಳಿದ್ರು ರೀ. ಪಾಪ, ಒಳ್ಳೇ ಮನುಷ್ಯ. ಅವರೂ ಹೆಂಡತಿ ಜೊತೆ ನಾಳೆ ಸಮುದ್ರಕ್ಕೇ ಹೊರಟಿದ್ದಾರಂತೆ. ನಾನು ಅವರ ಜೊತೆ ಹೋಗ್ತೀನಿ. ನಿಮ್ಮ ಟಿಕೆಟ್ ಸುಮ್ಮನೆ ಹಾಳಾಗಬಾರದು ಅಂತ ಅವರ ಅತ್ತೆಗೆ ಕೊಟ್ಟುಬಿಟ್ಟೆ. ನೀವು ಅವಸರ ಮಾಡ್ಕೋಬೇಡಿ, ಸಮಾಧಾನವಾಗಿ ಹುಡುಕಿ."

"ಹೂಂ" ಎಂದು ನಿಧಾನಪ್ಪ ಇನ್ನೂರ ಹದಿಮೂರನೆಯದನ್ನು ತೆರೆದ. ಅವನ ರಜೆ ಚೀಟಿ ಅದೇ ಆಗಿತ್ತು.