ಅವಳ ಗಂಡ ಗಲ್ಫಿನಲ್ಲಿದ್ದಾನೆ

ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು. ನನಗೆ ಆ ಧೈರ್ಯವಿಲ್ಲ. ಆದ್ದರಿಂದ ನಾನು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತೇನೆ, ಆದರೆ ಅರ್ಧ ಹೇಳಿ ನಿಲ್ಲಿಸುತ್ತೇನೆ. ಉಳಿದರ್ಧವನ್ನು ಕೇಳುವವರೇ ತಮಗೆ ಬೇಕಾದ ಹಾಗೆ ಜೋಡಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ. ಈ ವಿದ್ಯೆಯನ್ನು ನಾನು ಕಲಿತದ್ದು ಆಫೀಸಿನಲ್ಲಿ. ದುಬೈಯ ರಾಸ್ ಅಲ್ ಖೋರಿನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಮಾರುವ ಅಂಗಡಿಯೊಂದರಲ್ಲಿ ನನಗೆ ಕೆಲಸ. ಗಿರಾಕಿ ಫೋನ್ ಮಾಡಿ "ನನ್ನ ಗೇರ್‌ಬಾಕ್ಸ್ ಎಲ್ಲಿ" ಎಂದು ಕೂಗಾಡಿದರೆ, "ಸರ್, ಹಡಗಿನಲ್ಲಿದೆ" ಎನ್ನುತ್ತೇನೆ. ಹಡಗಿನಲ್ಲಿರುವುದು ನಿಜ. ಹಡಗು ಇನ್ನೂ ಹೊರಡುವ ಬಂದರನ್ನೇ ಬಿಟ್ಟಿಲ್ಲ ಎನ್ನುವುದನ್ನು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ಅದೇ ಪ್ರಕಾರ, ಬ್ರಹ್ಮಾವರದ ಹತ್ತಿರದ ನಮ್ಮ ಊರಿನಿಂದ ಅಮ್ಮ ಫೋನ್ ಮಾಡಿ "ಅಳಿಯ ಎಲ್ಲಿ, ಕಾಣುವುದೇ ಇಲ್ಲವಲ್ಲ" ಎಂದು ಕೇಳಿದಾಗಲೆಲ್ಲ "ಅಬುಧಾಬಿಯಲ್ಲಿದ್ದಾರೆ ಅಮ್ಮ, ಪ್ರಾಜೆಕ್ಟ್ ಉಂಟು" ಎನ್ನುತ್ತಿದ್ದೆ. ಒಂದಕ್ಷರವೂ ಸುಳ್ಳಲ್ಲ. ಅವರು ಅಬುಧಾಬಿಯಲ್ಲೇ ಇದ್ದಾರೆ, ಪ್ರಾಜೆಕ್ಟೂ ಇದೆ. ನಮಗೆ ವಿಚ್ಛೇದನವಾಗಿ ಎರಡು ವರ್ಷವಾಯಿತು ಎಂಬ ಉಳಿದರ್ಧ ಮಾತ್ರ ಗಂಟಲಿನಿಂದ ಈಚೆ ಬಂದಿರಲಿಲ್ಲ. ಅಮ್ಮ ಬೈಯುತ್ತಾಳೆಂಬ ಹೆದರಿಕೆಯಲ್ಲ. ಬೈದರೆ ಒಳ್ಳೆಯದೇ, ತಿರುಗಿ ಬೈದು ಹಗುರಾಗಬಹುದು. ಏನೂ ಹೇಳದೆ ಎದ್ದು ಹೋಗಿ, ಅಡಿಗೆಮನೆಯಲ್ಲಿ ನನಗೆ ಬೆನ್ನು ಹಾಕಿ ನಿಂತುಬಿಟ್ಟರೆ? ಅಪ್ಪ ತೀರಿಕೊಂಡ ಮೇಲೆ ಅವಳ ಹೆಮ್ಮೆ ಎಂದು ಉಳಿದದ್ದು ನನ್ನ ಸಂಸಾರ ಒಂದೇ. ಮದುವೆಯ ಊಟದ ಪಂಕ್ತಿಯಲ್ಲಿ ಯಾರಾದರೂ "ಮಗಳು ಅಳಿಯ ಹೇಗಿದ್ದಾರೆ" ಎಂದು ಕೇಳಿದರೆ ಅವಳು ಎಲೆ ನೋಡುತ್ತಾ ಕೂರಬೇಕಾಗುತ್ತದಲ್ಲ.

ಫೋನಿನಲ್ಲಿ ಅರ್ಧ ಹೇಳಿ ನಿಲ್ಲಿಸುವುದು ಸುಲಭ. ಅಮ್ಮನೇ ವಿಸಿಟ್ ವೀಸಾದಲ್ಲಿ ಬಂದು ಅಲ್ ಕುಸೈಸಿನ ನಮ್ಮ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಕೂತಾಗ ವಿಷಯ ಬೇರೆಯಾಯಿತು. ಮೊದಲ ದಿನವೇ "ಅಳಿಯ ವಾರಕ್ಕೊಮ್ಮೆಯಾದರೂ ಬರುವುದಿಲ್ಲವಾ?" ಎಂದಳು. "ಈಗ ತುಂಬಾ ಟೈಟ್ ಅಮ್ಮ, ರಜೆ ಸಿಗುವುದಿಲ್ಲ" ಎಂದೆ. ಎಂಟನೆಯ ಕ್ಲಾಸಿನಲ್ಲಿರುವ ನನ್ನ ಮಗಳು ಅನು ನನ್ನನ್ನು ಹೇಗೆ ನೋಡಿದಳೆಂದರೆ, ನಾನು ಉಪ್ಪಿನ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಹಿಂದೆಯೇ ಬಂದವಳು "ಖಲಾಸ್ ಮಮ್ಮಾ, ಜಸ್ಟ್ ಟೆಲ್ ಹರ್" ಎಂದಳು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಎಲ್ಲವೂ ಖಲಾಸ್, ಅರಬ್ಬಿಯಲ್ಲಿ ‘ಸಾಕು, ಮುಗಿಯಿತು’ ಎಂದು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ ಹೋಗುವುದರೊಳಗೆ ಹೇಳುತ್ತೇನೆ" ಎಂದೆ. "ಎಲ್ಸ್ ಐ ವಿಲ್" ಎಂದಳು.

ಇನ್ನು ನಾವು ನೋಡುವ ಟಿವಿ ಧಾರಾವಾಹಿಯ ವಿಷಯ. ಸಂಜೆ ನಾನು ಕೆಲಸದಿಂದ ಬಂದು ಸ್ನಾನ ಮಾಡಿ ಕೂತ ಮೇಲೆ ತಾಯಿ ಮಗಳು ಒಂದು ಅಮೆರಿಕನ್ ಕಾಮಿಡಿ ನೋಡುವುದು ನಮ್ಮ ಮನೆಯ ಪದ್ಧತಿ. ಗಂಡನನ್ನು ಬಿಟ್ಟು, ಎರಡು ಮಕ್ಕಳನ್ನು ಕಟ್ಟಿಕೊಂಡು, ಟೈಲ್ಸ್ ಅಂಗಡಿಯಲ್ಲಿ ದುಡಿಯುವ ಒಬ್ಬ ಹೆಂಗಸಿನ ಕತೆ. ಅವಳ ಮನೆಯಲ್ಲಿ ದಿನಾ ಏನಾದರೊಂದು ಕರಕಲಾಗುತ್ತದೆ, ಏನಾದರೊಂದು ಸೋರುತ್ತದೆ, ಕಾಣದ ಜನ ಗೊಳ್ಳೆಂದು ನಗುತ್ತಾರೆ. ನನ್ನ ಪಾಡಿಗೂ ಯಾರೋ ಹೀಗೆ ಗೊಳ್ಳೆಂದು ನಕ್ಕರೆ ಎಷ್ಟು ಸಲೀಸು ಎಂದು ಆಸೆಯಾಗಿ ನಾನದನ್ನು ನೋಡುತ್ತಿದ್ದೆ. ಅಮ್ಮನೂ ಬಂದು ಸೋಫಾದ ಮಧ್ಯೆ ಕಾಲು ಮಡಚಿ ಕೂತಳು. ಇಂಗ್ಲಿಷ್ ಒಂದು ಪದ ಬಾರದು. ಐದು ನಿಮಿಷ ನೋಡಿ ಕೇಳಿದಳು, "ಈ ನಗುವುದು ಯಾರು? ಪಕ್ಕದ ಮನೆಯವರಾ?"

"ಅದು ಟಿವಿಯವರೇ ಹಾಕುವ ನಗು ಅಮ್ಮ."

"ಪಾಪ, ಅವಳ ಕೇಕು ಕರಟಿ ಹೋದದ್ದಕ್ಕೆ ನಗುವುದಾ? ಇವರ ಮನೆಯಲ್ಲಿ ಯಾವತ್ತೂ ಅನ್ನ ಸೀದಿಲ್ಲ ಅಂತ ಕಾಣ್ತದೆ." ಸ್ವಲ್ಪ ಹೊತ್ತು ಬಿಟ್ಟು, ನಾನು ಹೆದರುತ್ತಿದ್ದ ಪ್ರಶ್ನೆ ಬಂತು. "ಇವಳ ಗಂಡ ಎಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಾನೇ ಉತ್ತರ ಕಂಡುಕೊಂಡಳು. "ಗಲ್ಫಿನಲ್ಲಿರಬೇಕು."

ಇದನ್ನು ತಪ್ಪು ಎನ್ನುವಂತಿಲ್ಲ. ನಮ್ಮ ಕರಾವಳಿಯಲ್ಲಿ ಗಟ್ಟಿಮುಟ್ಟಾದ ಹೆಂಗಸು, ಇಬ್ಬರು ಮಕ್ಕಳು, ಗಂಡಸು ಮಾತ್ರ ಕಾಣುವುದಿಲ್ಲ ಎಂದಾದರೆ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಅಪ್ಪ ಮಸ್ಕತ್ತಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆಯ ಹಿಂದೆ ಅವರೂ ಬರುತ್ತಿದ್ದರು. ಒಮ್ಮೆ ನಾನು ಅವರನ್ನು "ಅಂಕಲ್" ಎಂದು ಕರೆದು, ಅವರು ಮುಖ ತಿರುಗಿಸಿಕೊಂಡು ಅಂಗಳಕ್ಕೆ ಹೋದದ್ದು ನೆನಪಿದೆ. ಅಮ್ಮ ಮನೆಯಲ್ಲೇ ರವಿಕೆ ಹೊಲಿದು, ನನ್ನನ್ನು ಶಾಲೆಗೆ ಅಟ್ಟಿ, ಬಾವಿಯ ಪಂಪು ಕೆಟ್ಟರೆ ಮೆಕ್ಯಾನಿಕ್ಕಿನ ಹತ್ತಿರ ಜಗಳವಾಡಿ ಸಂಸಾರ ಮಾಡಿದಳು. ಆದ್ದರಿಂದ ಅಮೆರಿಕದ ಆ ಹೆಂಗಸನ್ನು ನೋಡಿದ ಕೂಡಲೇ ಅವಳಿಗೆ ನಮ್ಮವಳೇ ಎನ್ನಿಸಿಬಿಟ್ಟಿತು.

"ಹೌದಮ್ಮ, ಗಲ್ಫಿನಲ್ಲಿದ್ದಾನೆ," ಎಂದೆ. ನನ್ನ ಜೀವನದ ಮೊದಲನೆಯ ಪೂರ್ತಿ ಸುಳ್ಳು ಅದು, ಅದೂ ಬೇರೆಯವಳ ಗಂಡನ ಬಗ್ಗೆ.

ಅಲ್ಲಿಂದ ನನ್ನ ಫಜೀತಿ ಶುರುವಾಯಿತು. ದಿನಾ ಸಂಜೆ ನಾನು ಭಾಷಾಂತರ ಮಾಡಬೇಕು. ಆ ಹೆಂಗಸು ಗೆಳತಿಯ ಹತ್ತಿರ ಹಳೇ ಗಂಡನನ್ನು ಹಿಗ್ಗಾಮುಗ್ಗಾ ಬೈದರೆ ನಾನು "ಅವನಿಗೆ ಅಲ್ಲಿ ಸೆಕೆ ತಡೆಯುವುದಿಲ್ಲವಂತೆ" ಎನ್ನುತ್ತಿದ್ದೆ. ವಕೀಲ ಬಂದು ಕಾಗದ ಕೊಟ್ಟರೆ "ವೀಸಾ ರಿನ್ಯೂವಲ್" ಎನ್ನುತ್ತಿದ್ದೆ. ಅಮ್ಮನಿಗೆ ಎಲ್ಲವೂ ಬೇಕು. ಯಾವ ಕಂಪನಿ, ರೂಮು ಶೇರಿಂಗಾ, ರಜೆಯ ಟಿಕೆಟ್ ಕಂಪನಿಯೇ ಕೊಡುವುದಾ. ನಾನು ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದೆ. "ಮಮ್ಮಾ, ವಾಟ್ ಆರ್ ಯೂ ಈವನ್ ಸೇಯಿಂಗ್" ಎಂದು ಅನು ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಒಂದು ಸಂಜೆ ಧಾರಾವಾಹಿಯಲ್ಲಿ ಒಬ್ಬ ಚೆಂದದ ಗಂಡಸು ಹೂವು, ಬಾಟಲಿ, ಬಣ್ಣದ ಕಾಗದ ಸುತ್ತಿದ ಪೊಟ್ಟಣ ಹಿಡಿದುಕೊಂಡು ಅವಳ ಬಾಗಿಲಿಗೆ ಬಂದ. ನಾನು ಏನು ಹೇಳಲಿ ಎಂದು ತಡಕಾಡುವಷ್ಟರಲ್ಲಿ ಅಮ್ಮ, "ಓ, ಗಂಡ ಕೊಟ್ಟು ಕಳಿಸಿದ್ದಾನೆ. ಇವನು ರಜೆಯಲ್ಲಿ ಬಂದವ" ಎಂದಳು. ಊರಿಗೆ ಹೋಗುವವರ ಕೈಯಲ್ಲಿ ಸಾಮಾನು ಕಳಿಸುವುದು ನಮ್ಮಲ್ಲಿ ಈಗಲೂ ನಡೆದಿದೆ. ಯಾವ ಬ್ಯಾಗಿನಲ್ಲೂ ಸ್ವಂತದ್ದು ಅರ್ಧ, ಪರರದ್ದು ಅರ್ಧ. ನಾನು ಹೂಂಗುಟ್ಟಿದೆ. ಅಷ್ಟರಲ್ಲಿ ಆ ಗಂಡಸು ಅವಳನ್ನು ಎಳೆದುಕೊಂಡು ಮುದ್ದಿಟ್ಟ. ಅನು ದಿಂಬನ್ನು ಕಣ್ಣಿಗೆ ಒತ್ತಿಕೊಂಡಳು. ಅಮ್ಮ ಹೇಳಿದಳು, "ಪಾರ್ಸೆಲ್ ತಂದವನಿಗೆ ಒಂದು ಚಾ ಕೊಟ್ಟರೆ ಸಾಕಿತ್ತು."

ಹೀಗೆ ನಗುತ್ತಲೇ ವೀಸಾ ಮುಗಿಯುತ್ತಾ ಬಂತು. ಊರಿಗೆ ಒಯ್ಯುವ ಸಾಮಾನಿಗೆಂದು ದುಬೈಯ ಹಳೆಯ ಪೇಟೆ ನೈಫಿಗೆ ಹೋದೆವು. ಕಂಬಳಿಯ ಅಂಗಡಿಯವನ ಹತ್ತಿರ ಅಮ್ಮ ಕನ್ನಡದಲ್ಲಿ, ಅವನು ಹಿಂದಿಯಲ್ಲಿ ಚೌಕಾಸಿ ಮಾಡಿ ಇಬ್ಬರೂ ಗೆದ್ದವರಂತೆ ಕಂಡರು. ಆಮೇಲೆ ಅವಳು ಒಂದು ನೀಲಿ ಗೆರೆಯ ಶರ್ಟು ಎತ್ತಿಕೊಂಡು, "ಅಳಿಯನಿಗೆ ತೆಗೆಯುವ. ಕಾಲರ್ ಎಷ್ಟು?" ಎಂದಳು. ನನಗೆ ನೆನಪಾಗಲಿಲ್ಲ. ಹದಿಮೂರು ವರ್ಷ ಇಸ್ತ್ರಿ ಮಾಡಿದ ಕಾಲರ್, ಅಳತೆ ನೆನಪಾಗಲಿಲ್ಲ. ಬಾಯಿಗೆ ಬಂದ ಒಂದು ನಂಬರು ಹೇಳಿದೆ. ಅಮ್ಮ ಶರ್ಟನ್ನು ಮಡಚಿ ಇದ್ದಲ್ಲೇ ಇಟ್ಟು, "ಇನ್ನೊಮ್ಮೆ ನೋಡುವ" ಎಂದಳು. ಆ ದಿನ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದಾಗ, ಈಗಲೇ ಹೇಳಿಬಿಡಬೇಕು ಎಂದುಕೊಂಡೆ. ಮನೆ ಬಂತು, ಹೇಳಲಿಲ್ಲ.

ಅವಳು ಹೊರಡುವ ಮುಂಚಿನ ಶನಿವಾರ ಸಂಜೆ ಮಾಮೂಲಿನಂತೆ ಟಿವಿ ಹಾಕಿದೆವು. ಅಂದಿನ ಕಂತಿನಲ್ಲಿ ಆ ಹೆಂಗಸಿನ ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಒಬ್ಬ ಗಂಡಸು. ಮಕ್ಕಳು "ಡ್ಯಾಡ್" ಎಂದು ಕೂಗಿ ಓಡಿದವು. ಅಷ್ಟು ಇಂಗ್ಲಿಷ್ ಅಮ್ಮನಿಗೂ ಬರುತ್ತದೆ.

"ಬಂದ," ಎಂದು ಅಮ್ಮ ನೆಟ್ಟಗೆ ಕೂತಳು. ಟಿವಿಯಲ್ಲಿ ಅವಳು ಏನೋ ಚುಚ್ಚಿ ಹೇಳಿದಳು, ಜನ ನಕ್ಕರು. ಮಕ್ಕಳ ಚೀಲವನ್ನು ಅವನ ಕೈಗೆ ತುರುಕಿ, ಮೂವರನ್ನೂ ಹೊರಗಿನಿಂದಲೇ ಕಳಿಸಿ ಬಾಗಿಲು ಹಾಕಿಕೊಂಡಳು. ಜನ ಮತ್ತೂ ನಕ್ಕರು. ಅಮ್ಮ ನಗಲಿಲ್ಲ.

"ಅವನ ಕೈಯಲ್ಲಿ ಒಂದು ಬ್ಯಾಗೂ ಇರಲಿಲ್ಲ," ಎಂದಳು. "ಗಲ್ಫಿನಿಂದ ಬರುವವ ಕೈಬೀಸಿಕೊಂಡು ಬರುವುದುಂಟಾ? ಮಕ್ಕಳೂ ಕೈ ನೋಡಲಿಲ್ಲ, ಮುಖವನ್ನೇ ನೋಡಿದರು. ಇವನು ಗಲ್ಫಿನವನಲ್ಲ."

ಅನು ರಿಮೋಟ್ ತೆಗೆದುಕೊಂಡು ಟಿವಿಯ ಸದ್ದು ನಿಲ್ಲಿಸಿದಳು. "ಯಲ್ಲಾ ಮಮ್ಮಾ," ಎಂದಳು ಮೆಲ್ಲಗೆ, ನಡಿ, ಹೇಳು ಎನ್ನುವ ಹಾಗೆ.

"ಬಿಟ್ಟದ್ದಾ?" ಎಂದು ಅಮ್ಮ ಕೇಳಿದಳು.

"ಹೌದು."

"ಮತ್ತೆ ನೀನು?"

"ನಾನೂ ಹಾಗೇ ಅಮ್ಮ." ಇಷ್ಟು ಹೇಳುವುದಕ್ಕೆ ಎರಡು ವರ್ಷ ಬೇಕಾಯಿತು. ಹೇಳಿದ ಮೇಲೆ ಅಳು ಬಂತು. ಮೂಗು ಒರೆಸಿಕೊಳ್ಳಲು ಸಿಕ್ಕಿದ್ದು ಅಮ್ಮನ ಸೆರಗು, ಅವಳೇ ಕೊಟ್ಟದ್ದು.

"ನನಗೆ ಗೊತ್ತುಂಟು," ಎಂದಳು ಅಮ್ಮ. "ಬಂದ ವಾರವೇ ಗೊತ್ತಾಯ್ತು. ಗಂಡ ದೂರ ಇರುವ ಹೆಂಗಸು ಹೇಗಿರ್ತಾಳೆ ಅಂತ ನನಗೆ ಯಾರಾದರೂ ಹೇಳಿಕೊಡಬೇಕಾ? ಫೋನು ಬಂದರೆ ಒಲೆಯ ಮೇಲಿನದ್ದನ್ನು ಬಿಟ್ಟು ಓಡ್ಲಿಕ್ಕೆ ಉಂಟು. ನೀನು ಯಾರದ್ದು ಅಂತ ನೋಡಿ ಮಗುಚಿ ಇಡ್ತಿ. ಒಳ್ಳೆ ಬಂಗುಡೆ ಮೀನು ತಂದದ್ದು ಎಷ್ಟು ಸಲ, ಅವರಿಗೆ ಇಷ್ಟ ಅಂತ ಒಮ್ಮೆಯೂ ಬಾಯಲ್ಲಿ ಬರಲಿಲ್ಲ. ಕಾಯುವವಳ ಹಾಗೆ ನೀನು ಇಲ್ಲವೇ ಇಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ನಿನ್ನ ಬಾಯಿಂದಲೇ ಬರಲಿ ಅಂತ. ದಿನಾ ಸಂಜೆ ಆ ಹೆಂಗಸಿನ ಗಂಡನ ವಿಷಯ ತೆಗೆದದ್ದು ಎಂತಕ್ಕೆ? ನನಗೆ ಅವನ ಟಿಕೆಟ್ ಕಟ್ಟಿಕೊಂಡು ಎಂತ ಆಗ್ಬೇಕು ಮಾರಾಯ್ತಿ? ನೀನು ಅವನಿಗೆ ಓವರ್‌ಟೈಮೂ ಕೊಡಿಸಿದಿ."

ನಾನು ಅಳುತ್ತಲೇ ನಕ್ಕೆ. ಅಮ್ಮ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕೂದಲಲ್ಲಿ ಕೈಯಾಡಿಸುತ್ತಾ, ಯಾರಿಗೂ ಹೇಳದ ಒಂದು ಮಾತು ಹೇಳಿದಳು. "ನಿನ್ನ ಅಪ್ಪ ಮಸ್ಕತ್ತಿನಲ್ಲಿದ್ದಷ್ಟು ವರ್ಷ ನನಗೆ ಕಷ್ಟ ಇತ್ತು, ಕಿರಿಕಿರಿ ಇರಲಿಲ್ಲ. ಕೆಲಸ ಬಿಟ್ಟು ಬಂದು ಮನೆಯಲ್ಲೇ ಕೂತರಲ್ಲ, ಅಕ್ಕಿ ಡಬ್ಬಿ ಇಲ್ಲಿ ಯಾಕೆ, ಪೊರಕೆ ಅಲ್ಲಿ ಯಾಕೆ ಅಂತ. ಒಬ್ಬಳೇ ಮನೆ ನಡೆಸಿದವಳಿಗೆ ಅದು ಸಣ್ಣ ವಿಷಯ ಅಲ್ಲ. ಪ್ರೀತಿ ಇತ್ತು, ಸುಧಾರಿಸಿಕೊಂಡೆ. ನಿನಗೆ ಸುಧಾರಿಸ್ಲಿಕ್ಕೆ ಆಗಲಿಲ್ಲ ಅಂದರೆ ಏನೋ ದೊಡ್ಡದೇ ಇರಬೇಕು. ಈಗ ಹೇಳಬೇಡ, ಹೇಳಬೇಕು ಅನ್ನಿಸಿದಾಗ ಹೇಳು."

ಅನು ನಮ್ಮಿಬ್ಬರನ್ನೂ ನೋಡುತ್ತಾ, "ಸೋ ಅಜ್ಜಿ ವಾಸ್ ಆಲ್ಸೋ ಎ ಸಿಂಗಲ್ ಮದರ್?" ಎಂದಳು. ನಾನು ಅದನ್ನು ಚಾಚೂ ತಪ್ಪದೆ ಕನ್ನಡಕ್ಕೆ ಮಾಡಿದೆ. ಅಮ್ಮ, "ಹಾಗೆ ನೋಡಿದರೆ ನಮ್ಮ ಕೇರಿಯಿಡೀ ಇದೇ ಧಾರಾವಾಹಿ. ನಗುವವರು ಮಾತ್ರ ಇರಲಿಲ್ಲ" ಎಂದಳು.

ಆಮೇಲೆ ನನ್ನನ್ನು ಎಬ್ಬಿಸಿ ಕೂರಿಸಿ, "ಊರಿನಲ್ಲಿ ಯಾರಿಗೆ ಗೊತ್ತು?" ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ. "ಚಿಕ್ಕಮ್ಮನಿಗೆ ಫೋನ್ ಮಾಡಿ ಕೊಡು" ಎಂದಳು. ಇಲ್ಲಿನ ಸರಕಾರ ಒಪ್ಪಿದ ಆ್ಯಪಿನಲ್ಲಿ ಚಿಕ್ಕಮ್ಮನಿಗೆ ವೀಡಿಯೋ ಕಾಲ್ ಹಚ್ಚಿಕೊಟ್ಟೆ. ಚಿಕ್ಕಮ್ಮನೆಂದರೆ ಅಮ್ಮನ ತಂಗಿ. ಅವಳಿಗೆ ಒಂದು ವಿಷಯ ತಿಳಿಸಿದರೆ ಕುಂದಾಪುರದವರೆಗೆ ಬೇರೆ ಯಾರಿಗೂ ತಿಳಿಸಬೇಕಾಗಿಲ್ಲ.

"ನೋಡು," ಎಂದಳು ಅಮ್ಮ, ಹಾಲಿನ ಲೆಕ್ಕ ಹೇಳುವ ಧ್ವನಿಯಲ್ಲಿ, "ನಮ್ಮ ಶೋಭಾ ಗಂಡನನ್ನು ಬಿಟ್ಟಿದ್ದಾಳೆ. ಕೋರ್ಟಿನದ್ದೆಲ್ಲ ಮುಗಿದಿದೆ. ಕೆಲಸ ಉಂಟು, ಮನೆ ಉಂಟು, ಮಗು ಚೆನ್ನಾಗಿ ಓದ್ತದೆ. ಕೇಳಿದವರಿಗೆ ನೀನೇ ಹೇಳಿಬಿಡು, ನನಗೆ ಮನೆಮನೆ ಹತ್ತಿಳಿಯಲಿಕ್ಕೆ ಮಂಡಿ ನೋವು. ಸುಖವಾಗಿದ್ದಾಳೆ. ಸ್ವಲ್ಪ ದಪ್ಪ ಆಗಿದ್ದಾಳೆ."

ಆ ಕಡೆ ಚಿಕ್ಕಮ್ಮ ಮಾತಿಲ್ಲದೆ ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. ಎರಡು ವರ್ಷ ನಾನು ಹೆದರಿದ್ದು ಈ ಮೌನಕ್ಕೇ.

"ದಪ್ಪ ಅಂದರೆ ಎಷ್ಟು?" ಎಂದಿತು ಚಿಕ್ಕಮ್ಮನ ಧ್ವನಿ. "ಫೋನು ಅವಳ ಕಡೆ ತಿರುಗಿಸು, ನೋಡುವ."

ಅಮ್ಮ ಈಗ ಊರಿನಲ್ಲಿದ್ದಾಳೆ. ದಿನಾ ಅಲ್ಲಿಂದ ಒಬ್ಬರಲ್ಲ ಒಬ್ಬರು ಕರೆ ಮಾಡುತ್ತಾರೆ. ಮೆಂತೆ ನೆನೆಸಿ ಕುಡಿ ಎನ್ನುತ್ತಾರೆ, ರಾತ್ರಿ ಅನ್ನ ಬಿಡು ಎನ್ನುತ್ತಾರೆ. ಮದುವೆಯ ಪಂಕ್ತಿಯಲ್ಲಿ ಅಮ್ಮನ ಹತ್ತಿರವೂ ನನಗಾಗಿ ಇದೇ ಸಲಹೆಗಳಂತೆ. ನನ್ನ ಗಂಡನ ಹೆಸರು ಇದುವರೆಗೆ ಯಾರೂ ಎತ್ತಿಲ್ಲ. ನಾನು ಊಟ ನಿದ್ದೆ ಕೆಡಿಸಿಕೊಂಡು ಮುಚ್ಚಿಟ್ಟದ್ದನ್ನು ಊರು ಒಂದೇ ಸಂಜೆಯಲ್ಲಿ ನುಂಗಿ ನೀರು ಕುಡಿಯಿತು. ಅಷ್ಟು ಊಟ ಕೆಡಿಸಿಕೊಂಡೂ ನಾನು ದಪ್ಪ ಆದದ್ದು ಹೇಗೆ ಎನ್ನುವುದೊಂದೇ ಅವರಿಗೆ ಅರ್ಥವಾಗದೆ ಉಳಿದಿದೆ. ನನಗೂ ಅಷ್ಟೆ.