ಕೋಬೆಯ ಬಾಯಿಬಿಡದ ಬಾಣಂತಿಯರು

ಕೆಲವರ ಹಣೆಬರಹವೇ ಹಾಗೆ, ಹೋದ ಕಡೆಯೆಲ್ಲ ಎಡವಟ್ಟು. ನಾನಂತೂ ಎಡವಟ್ಟು ಹುಡುಕಿಕೊಂಡು ವಿಮಾನ ಹತ್ತಿದವಳು. ಮೈಸೂರಿನ ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷ ನರ್ಸಾಗಿ ಓಡಾಡಿದ ಕಾಲು ನನ್ನದು, ಒಂದು ಕಡೆ ನಿಲ್ಲಲ್ಲ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಡ್ತವೆ ಅಂತ ಲೋಕವೆಲ್ಲ ವೈಟುಕೆ ವೈಟುಕೆ ಬಡಬಡಿಸುತ್ತಿದ್ದ ಕಾಲದಲ್ಲಿ, ಜಪಾನಿನ ಬಾಣಂತನಕ್ಕೂ ನಮ್ಮ ಬಾಣಂತನಕ್ಕೂ ಏನು ವ್ಯತ್ಯಾಸ ಅಂತ ಡಾಕ್ಟರೇಟ್ ಮಾಡೋಕೆ ಕೋಬೆಗೆ ಹೋದೆ. ಮಾರ್ಚ್ ಒಳಗೆ ಇಪ್ಪತ್ತು ಬಾಣಂತಿಯರು ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬೇಕು. ಇಲ್ಲದಿದ್ದರೆ ಸ್ಕಾಲರ್‌ಶಿಪ್ ಬಂದ್, ಬರಿಗೈಯಲ್ಲಿ ಮೈಸೂರು. ಹೆಂಗಸರನ್ನ ಮಾತಾಡಿಸೋದು ನನಗೇನು ಹೊಸದಾ ಅಂದುಕೊಂಡಿದ್ದೆ. ಪೆದ್ದಿ.

೧. ಸದ್ದಿಲ್ಲದ ಹೆರಿಗೆ

ನಮ್ಮ ವಾರ್ಡಿನಲ್ಲಿ ಹೆರಿಗೆ ಎಷ್ಟು ಹತ್ತಿರ ಬಂತು ಅನ್ನೋದು ಬೈಗುಳದಲ್ಲೇ ಗೊತ್ತಾಗ್ತಿತ್ತು. "ಅಮ್ಮಾ" ಅಂದರೆ ಇನ್ನೂ ಟೈಮಿದೆ. ಗಂಡನಿಗೆ ಬೈದರೆ ಟ್ರೇ ತರಬೇಕು. ಗಂಡನ ಇಡೀ ವಂಶಕ್ಕೆ ಬೈದರೆ ಗ್ಲೌಸ್ ಹಾಕಿಕೊಂಡು ನಿಲ್ಲಬೇಕು.

ಕೋಬೆಯಲ್ಲಿ ಮೊದಲ ಸಲ ಹೆರಿಗೆ ನೋಡೋಕೆ ಒಳಗೆ ಬಿಟ್ಟರು. ಆ ಹೆಂಗಸು ನೋವು ಬಂದಾಗಲೆಲ್ಲ ದಾದಿಗೆ ಮೆಲ್ಲಗೆ "ಸುಮಿಮಾಸೆನ್" ಅನ್ನೋಳು, ತೊಂದರೆ ಕೊಡ್ತಿದೀನಿ ಕ್ಷಮಿಸಿ ಅಂತ. ನಾನು ಅತ್ತಿಂದಿತ್ತ ಅಡ್ಡಾಡಿ ಅಡ್ಡಾಡಿ ಸಾಕಾಗಿ, ಇನ್ನೂ ಗಂಡನ ಸುದ್ದಿಯೇ ಎತ್ತಿಲ್ಲ, ತಡ ಇದೆ ಅಂತ ಕೆಳಗಿನ ಕೊಂಬಿನಿ ಅಂಗಡಿಗೆ ಹೋಗಿ ಬಿಸ್ಕತ್ತು ತಂದೆ. ಹತ್ತೇ ನಿಮಿಷ. ಬಂದು ನೋಡಿದರೆ ಮಗು ಬಟ್ಟೆ ಸುತ್ತಿಕೊಂಡು ಮಲಗಿದೆ!

"ಅಯ್ಯೋ, ಒಂದು ಕೂಗೂ ಕೇಳಿಸಲಿಲ್ಲವಲ್ಲ" ಅಂದೆ.

ಬಾಣಂತಿ ಮಲಗಿದಲ್ಲಿಂದಲೇ ತಲೆ ಬಗ್ಗಿಸಿದಳು. "ಸುಮಿಮಾಸೆನ್. ನೀವು ಬರೋವರೆಗೂ ತಡೆಯೋಣ ಅಂತ ನೋಡಿದೆ, ಆಗಲಿಲ್ಲ."

೨. ಸೀಮಂತದ ಊಟ

ಅಲ್ಲಿ ಬಸುರಿಯರ ತೂಕ ಜಾಸ್ತಿಯಾದರೆ ದಾದಿಯರ ಹತ್ತಿರ ಬೈಸಿಕೊಳ್ಳಬೇಕು. ಒಂದು ದಿನ ಮೂವರು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರು. ನಿಮ್ಮ ಕಡೆ ಹೇಗೆ ಅಂತ ಒಬ್ಬಳು ಕೇಳಿದಳು. ನನಗೆ ಅಷ್ಟೇ ಸಾಕಲ್ಲ! ಹೂ ಮುಡಿಸಿ, ಹಸಿರು ಬಳೆ ತೊಡಿಸಿ, ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ, ಮೇಲೆ ಹೋಳಿಗೆ, ತುಪ್ಪ, ಬೇಡ ಅಂದರೂ ಬಡಿಸ್ತಾರೆ ಅಂತ ಹರುಕು ಮುರುಕು ಜಪಾನಿಯಲ್ಲಿ ಕೈಬಾಯಿ ತಿರುಗಿಸಿ ಹೇಳಿದೆ.

ಮಾರನೇ ದಿನ ಹೆಡ್ ನರ್ಸ್ ಕರೆದು, ಬಲು ವಿನಯವಾಗಿ ಅಂದರು: "ದಯವಿಟ್ಟು ಇನ್ನು ಊಟದ ವಿಷಯ ಬೇಡ. ಹೆರಿಗೆಗೆ ಮೈಸೂರಿಗೆ ಹೋಗೋದು ಹೇಗೆ ಅಂತ ಮೂವರು ವಿಚಾರಿಸ್ತಿದ್ದಾರೆ."

೩. ವೈರಸ್

ಸಂದರ್ಶನದ್ದು ಬೇರೆಯೇ ಗೋಳು. ಟೇಪ್‌ರೆಕಾರ್ಡರ್ ಇಟ್ಟು ಏನೇ ಕೇಳಲಿ, "ಎಲ್ಲರೂ ಸಹಾಯ ಮಾಡ್ತಿದಾರೆ, ಅರಿಗಾತೋ, ಥ್ಯಾಂಕ್ಸ್" ಅಂತ ನಗ್ತಾರೆ. ನಿದ್ದೆ? ಎಲ್ಲರೂ ಸಹಾಯ ಮಾಡ್ತಿದಾರೆ. ಅತ್ತೆ? ಎಲ್ಲರೂ ಸಹಾಯ ಮಾಡ್ತಿದಾರೆ. ಜನವರಿ ಬಂತು, ಮಾರ್ಚಿಗೆ ಉಳಿದದ್ದು ಎರಡೇ ತಿಂಗಳು.

ನಮ್ಮ ಮೇಲಿನ ಮನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿದ್ದರು. ವೈಟುಕೆ ಕೆಲಸಕ್ಕೆ ಕಂಪನಿಯವರು ಕಳಿಸಿದ್ದು. ಉತ್ತರಗಳನ್ನೆಲ್ಲ ಜೋಡಿಸಿ ಕೊಡ್ತೀನಿ ಅಂತ ನನ್ನ ಫ್ಲಾಪಿ ಒಯ್ದವರು ಅರ್ಧ ಗಂಟೆಯಲ್ಲೇ ಓಡಿ ಬಂದರು.

"ಮೇಡಂ, ಗಾಬರಿ ಆಗ್ಬೇಡಿ. ನಿಮ್ಮ ಫೈಲಿಗೆ ಏನೋ ವೈರಸ್ ಹೊಡೆದಿದೆ. ಎಲ್ಲಾ ಸಾಲಲ್ಲೂ ಒಂದೇ ಉತ್ತರ!"

೪. ಒಂದು ಕಾಲಿನ ಶೂ

ನಮ್ಮ ಸೆನ್ಸೇ, ಅಂದರೆ ಗೈಡ್ ಮೇಡಂ, ಆ ಫೈಲ್ ನೋಡಿ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು, ಇದು ಆಗೋ ಮಾತಲ್ಲ ಅನ್ನೋಕೆ ಅಲ್ಲಿನವರು ಮಾಡೋದೇ ಹಾಗೆ. ಅಷ್ಟೇ. ನನಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಒಬ್ಬಳ ಮನೆಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಟೇಪ್ ಆಫ್ ಮಾಡಿ, ಬಾಗಿಲ ಹತ್ತಿರ ಬಂದು ಒಂದು ಕಾಲಿಗೆ ಶೂ ಹಾಕಿದೆ. ಕಳಿಸಿಕೊಡೋಕೆ ಬಂದ ಬಾಣಂತಿ ಮೆಲ್ಲಗೆ "ಅದೂ..." ಅಂದಳು. ಶುರುವಾಯಿತು ನೋಡಿ! ನಿದ್ದೆ, ಹಾಲು, ಅತ್ತೆ, ಅಳು, ಎಲ್ಲಾ. ನಲವತ್ತು ನಿಮಿಷ ಒಂದೇ ಶೂನಲ್ಲಿ ನಿಂತೆ. ಥೂ, ನಮ್ಮೂರಲ್ಲೂ ಹಾಗೇ ತಾನೇ? ಬರ್ತೀನಿ ಅಂತ ಎದ್ದು ಗೇಟಿನ ಹತ್ತಿರ ಬಂದ ಮೇಲೇ ಅಲ್ಲವಾ ಅಸಲು ಮಾತು!

ಆಮೇಲೆ ಹಳಬರ ಮನೆಗೆಲ್ಲ ಮತ್ತೆ ಹೋದೆ. ಐದು ನಿಮಿಷ ಟೀ, ಸೀದಾ ಬಾಗಿಲು, ಒಂದು ಶೂ. "ಇದನ್ನ ಬರ್ಕೊಳ್ಲಾ?" ಅಂತ ಕೇಳಿದರೆ "ಬರ್ಕೊಳ್ಳಿ" ಅನ್ನೋರು. ಹತ್ತೊಂಬತ್ತಾಯಿತು.

ಇಪ್ಪತ್ತನೆಯವಳು ತವರುಮನೆಯಲ್ಲಿದ್ದಳು. ಭಾನುವಾರ. ನಾನು ತೆರೆದ ಬಾಗಿಲಿಗೆ ಬೆನ್ನು ಹಾಕಿ ಬರೀತಿದ್ದೆ.

"ನನ್ನ ಗಂಡ ಒಂದು ದಿನಕ್ಕೂ ಡಯಪರ್ ಬದಲಾಯಿಸಿಲ್ಲ. ಇಲ್ಲಿಗೆ ಬಂದರೂ, ಮಗು ಅತ್ತರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ" ಅಂದಳು ಬಾಣಂತಿ.

"ನಿಮ್ಮಪ್ಪನೂ ಅಷ್ಟೇ" ಅಂದರು ಅವಳ ಅಮ್ಮ.

"ನಿಮ್ಮ ತಾತನಿಗೆ ಮಕ್ಕಳೆಷ್ಟು ಅಂತಲೇ ಗೊತ್ತಿರಲಿಲ್ಲ" ಅಂದರು ಅಜ್ಜಿ. ಮೂವರೂ ನಗ್ತಾ ಅಳ್ತಾ ಇದ್ದರು.

ಹಿಂದಿನಿಂದ ಸಣ್ಣ ಕೆಮ್ಮು. ತಿರುಗಿದರೆ ಬಾಗಿಲಾಚೆಯ ಗೋಡೆ ಮರೆಯಿಂದ ಈಚೆ ಬಂದು, ಕೈಯಲ್ಲಿ ಕೇಕಿನ ಡಬ್ಬಿ ಹಿಡಿದು ಆ ಗಂಡನೇ ನಿಂತಿದ್ದಾನೆ!

"ಯಾವಾಗ ಬಂದಿರಿ?" ಅಂದೆ.

"ಇಪ್ಪತ್ತೈದು ನಿಮಿಷ ಆಯ್ತು. ಮಾತಿನ ಮಧ್ಯೆ ಬಾಯಿ ಹಾಕಬಾರದಲ್ಲ."

ಮೂವರು ಹೆಂಗಸರೂ ಗಡಬಡಿಸಿ ಕಣ್ಣು ಒರೆಸಿಕೊಂಡರು. ಮುಗೀತು, ಬರೆದದ್ದೆಲ್ಲ ಹರಿದುಹಾಕಿ ಅಂತಾರೆ, ಇಪ್ಪತ್ತನೆಯದೂ ಹೋಯ್ತು, ಡಾಕ್ಟರೇಟೂ ಹೋಯ್ತು ಅಂದುಕೊಂಡೆ. ಅವನು ಸೊಂಟದವರೆಗೂ ಬಗ್ಗಿ ನಮಸ್ಕಾರ ಮಾಡಿದ.

"ಸುಮಿಮಾಸೆನ್. ಡಯಪರ್ ವಿಷಯ ನಿಜ, ಬರ್ಕೊಳ್ಳಿ. ಆದರೆ ಒಂದು ತಿದ್ದುಪಡಿ ಇದೆ. ನಾನು ಟಿವಿ ಸೌಂಡ್ ಜಾಸ್ತಿ ಮಾಡೋದು ಮಗು ಅಳುವಾಗ ಅಲ್ಲ, ಅತ್ತೆಯವರು ಮಾತಾಡುವಾಗ."