ದುರ್ಯೋಧನರಿಗೆ ಊಟ ಉಚಿತ

ಇದು ನಡೆದದ್ದು ಹೋದ ವರ್ಷ, ಬೇಸಿಗೆಯ ನಾಲ್ಕು ಭಾನುವಾರಗಳಲ್ಲಿ. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಬೆಳ್ಳೂರು ಕ್ರಾಸ್‌ನ ಒಂದು ಹೋಟೆಲಿನಲ್ಲಿ ಮೇಲ್ವಿಚಾರಕನಾಗಿದ್ದೆ. ನಾಲ್ಕು ಊರಿನ ಬಸ್ಸು ನಿಲ್ಲುವ ಜಾಗದಲ್ಲಿ ಕೂತವನಿಗೆ ನಗುವುದಕ್ಕೆ ಬರವಿಲ್ಲ. ಆ ನಾಲ್ಕು ವಾರ ಮಾತ್ರ ನಗು ತಡೆದುಕೊಳ್ಳುವುದೇ ಕೆಲಸವಾಯಿತು.

೧. ಬಾಗಿಲಲ್ಲಿ ನಿಂತವರು

"ವೇಷ ಹಾಕ್ಕಂಡು ಬಂದೋರ್ಗೆ ಊಟ ಫ್ರೀ ಅಂತ ಬೋರ್ಡ್ ಹಾಕ್ಬುಡ್ಲಾ," ಎಂದರು ಮಾಲೀಕರು. "ವೇಷ ಯಾವನ್ಲಾ ಹಾಕ್ಕಂಡು ಬಂದಾನು? ಬೋರ್ಡ್ ನೋಡಿ ಜನ ಬತ್ತಾರೆ, ಅಷ್ಟೆ."

ನಮ್ಮ ಸೀಮೆಯಲ್ಲಿ ಊರೂರಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ ಎಂಬುದನ್ನು ಅವರು ಮರೆತಿದ್ದರು. ನಾನು ಮೂರು ನಿಯಮ ಬರೆದು ಅಂಟಿಸಿದೆ. ವೇಷ ಪೂರ್ತಿ ಇರಬೇಕು. ಕೂತೇ ಉಣ್ಣಬೇಕು, ಪಾರ್ಸೆಲ್ ಇಲ್ಲ. ಮಧ್ಯಾಹ್ನ ಮೂರಕ್ಕೆ ಮುಕ್ತಾಯ.

ಮೊದಲ ಭಾನುವಾರ ನಾಲ್ವರು ಬಂದರು. ಅವರಲ್ಲಿ ಮೂವರು ದುರ್ಯೋಧನರು. ನಮ್ಮಲ್ಲಿ ಪಾತ್ರ ಬೇಕಾದವರು ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ. ಎಲ್ಲರ ಕಣ್ಣೂ ದುರ್ಯೋಧನನ ಗದೆಯ ಮೇಲೆ. ಪಾಂಡವಪುರದಿಂದ ಬಂದವನೂ ಕೌರವನೇ.

ನಾಲ್ಕನೆಯವರು ಕೆ.ಆರ್. ಪೇಟೆಯ ಕಮ್ಮಾರರು, ಐವತ್ತು ದಾಟಿದವರು. ದ್ವಾರಪಾಲಕನ ವೇಷ, ಕೈಯಲ್ಲಿ ತಾವೇ ಬಡಿದು ಮಾಡಿದ ಭರ್ಜಿ. ನೇರ ಹೋಗಿ ಬಾಗಿಲ ಪಕ್ಕ ನಿಂತುಬಿಟ್ಟರು. ಗಿರಾಕಿಗಳು ವಾಚ್‌ಮನ್ ಎಂದುಕೊಂಡು ಕಾರಿನ ಕೀ ಕೊಡತೊಡಗಿದರು.

"ಒಳಗೆ ಬಂದು ಕೂತ್ಕೊಳ್ಳಿ," ಎಂದೆ.

"ಮಾರಾಜ್ರು ಒಳಗೆ ಕೂತವ್ರಲ್ಲಾ ಸಾ. ಅವ್ರ ಮುಂದೆ ನಾನೂ ಕೂತ್ಕಂಡ್ರೆ ಅದು ದ್ವಾರಪಾಲಕನ ವೇಷ ಆಯ್ತದಾ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಇಪ್ಪತ್ತು ವರ್ಸದಿಂದ ಇದೇ ಪಾತ್ರ. ನಿಂತ್ಕಳದೂ ಒಂದು ಪಾತ್ರವಾ ಅಂತಾಳೆ ನಮ್ಮನೆಯೋಳು. ಈ ಪಾತ್ರದಿಂದ್ಲೇ ಒಂದೊತ್ತು ಉಂಡ್ಕಂಡು ಬತ್ತೀನಿ ಅಂತ ಹೇಳ್ಬುಟ್ಟು ಬಂದಿವ್ನಿ."

ರಾಜರು ಎದ್ದಾಗ ಮೂರೂ ಹತ್ತು. ಆದರೂ ಬಡಿಸಲು ಹೊರಟೆ. "ಬ್ಯಾಡಿ ಸಾ, ಬೋರ್ಡಲ್ಲಿ ಮೂರು ಅಂತದೆ," ಎಂದು ಬಸ್ಸು ಹತ್ತಿದರು. ಮುಂದಿನ ಸ್ಟಾಪಿನಲ್ಲಿ ಇಳಿದು ಓಡುತ್ತ ವಾಪಸು ಬಂದರು. ಸೊಂಟದಲ್ಲಿ ಯಾರದೋ ಕಾರಿನ ಕೀ ಉಳಿದಿತ್ತು.

೨. ಕೃಷ್ಣನ ಮೊಸರನ್ನ

ಎರಡನೇ ಭಾನುವಾರ ಶ್ರೀರಂಗಪಟ್ಟಣದ ಗಂಜಾಂನಿಂದ ಒಬ್ಬ ಕೃಷ್ಣ ಬಂದ. ನವಿಲುಗರಿ, ಕೊಳಲು, ಮೈಗೆಲ್ಲ ನೀಲಿ. ಮುದ್ದೆ, ಮಟನ್ ಸಾರು ತರಿಸಿಕೊಂಡ. ಮುದ್ದೆ ಮುರಿಯುವಷ್ಟರಲ್ಲಿ ಪಕ್ಕದ ಮೇಜಿನ ಅಜ್ಜಿ ಬಂದು ಕಾಲಿಗೆ ಬಿದ್ದರು.

"ಸ್ವಾಮಿ, ಮೊಮ್ಮಗಳಿಗೆ ಈ ವರ್ಸನಾದ್ರೂ ಒಂದು ಗಂಡು ತೋರ್ಸಪ್ಪಾ."

ಕೃಷ್ಣ ಎಡಗೈಯಿಂದ ತಟ್ಟೆಯನ್ನು ಮೆಲ್ಲಗೆ ಎದುರಿನ ದುರ್ಯೋಧನನ ಕಡೆ ಸರಿಸಿದ. ಬಲಗೈ ಎತ್ತಿ ಆಶೀರ್ವಾದ ಮಾಡಿದ. ನನ್ನ ಕಡೆ ತಿರುಗಿ, "ಮೊಸ್ರನ್ನ ಇದ್ರೆ ಕೊಡಿ ಸಾ," ಎಂದ.

ದ್ವಾರಪಾಲಕರು ಆವತ್ತೂ ಬಾಗಿಲಲ್ಲೇ ಇದ್ದರು, ಆವತ್ತೂ ಉಣ್ಣಲಿಲ್ಲ. ಕೃಷ್ಣ ಮಾತ್ರ ಮುಂದಿನ ವಾರದಿಂದ ದುರ್ಯೋಧನನಾಗಿ ಬಂದ.

೩. ಬಹುಪರಾಕ್

ಪರಿಹಾರ ಸರಳವಾಗಿತ್ತು: ರಾಜರು ಬರುವ ಮೊದಲೇ ದ್ವಾರಪಾಲಕರಿಗೆ ಬಡಿಸಬೇಕು. "ಮುಂದಿನ ವಾರ ಹನ್ನೊಂದಕ್ಕೇ ಬಂದುಬಿಡಿ," ಎಂದಿದ್ದೆ. ಬಂದರು. ಹೋಟೆಲು ಖಾಲಿ. ಭರ್ಜಿ ಗೋಡೆಗೆ ಒರಗಿಸಿ ಕೂತರು. ಎಲೆ ಹಾಕಿಸಿದೆ. ಬಿಸಿ ಮುದ್ದೆಯಿಂದ ಮೊದಲ ತುತ್ತು ಮುರಿದರು.

ಬಾಗಿಲಲ್ಲಿ ಗದೆಯ ನೆರಳು ಕಂಡಿತು. ನಾಗಮಂಗಲದ ದುರ್ಯೋಧನ, ಬೆಳಗಿನ ತಿಂಡಿ ತಿನ್ನದೆ ಬೇಗ ಹೊರಟವನು.

ತುತ್ತು ಎಲೆಗೆ ಬಿತ್ತು. ದ್ವಾರಪಾಲಕರು ಭರ್ಜಿ ಹಿಡಿದು ಎದ್ದು ನಿಂತರು. "ಮಹಾಪ್ರಭುಗಳು ದಯಮಾಡಿಸುತ್ತಿದ್ದಾರೆ, ಬಹುಪರಾಕ್!" ನಾಟಕದಲ್ಲಿ ಅವರಿಗಿದ್ದ ಒಂದೇ ಮಾತು ಅದು. ಎದುರಿನ ಪಂಚರ್ ಅಂಗಡಿಯವನೂ ಎದ್ದು ನಿಂತ.

೪. ಕಾವಲು

ಕೊನೆಯ ಭಾನುವಾರ ಕಮ್ಮಾರರ ಜೊತೆ ಅವರ ಹೆಂಡತಿಯೂ ಬಂದರು. "ಮೂರು ವಾರದಿಂದ ಅಸ್ಕಂಡು ಬತ್ತಾವ್ರೆ. ಅದೆಂಥ ಫ್ರೀ ಊಟ ನೋಡ್ತೀನಿ," ಎಂದು ಗಿರಾಕಿಯಾಗಿ ಕೂತರು. ಗಂಡ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಒಳಗೆ ಕೂತಿದ್ದವರೆಲ್ಲ ದುರ್ಯೋಧನರು.

ನಾನು ಆ ರಾಜರಿಗೆ ವಿಷಯ ಹೇಳಿದೆ. ನಾಗಮಂಗಲದವನು ಮೀಸೆ ತಿರುವಿದ.

"ಎಲೈ ದ್ವಾರಪಾಲಕ, ಕೂತ್ಕಂಡು ಉಣ್ಣು. ಅಪ್ಪಣೆ ಕೊಟ್ಟಿವ್ನಿ."

"ಅಪ್ಪಣೆ ಸರಿ ಪ್ರಭೂ. ಬಾಗ್ಲು ಯಾರು ಕಾಯೋರು?"

ನಾಗಮಂಗಲದವನು ಎದ್ದು ಹೋಗಿ ಅವರ ಕೈಯಿಂದ ಭರ್ಜಿ ಈಸಿಕೊಂಡ. ಒಬ್ಬ ರಾಜ ನಿಂತ ಮೇಲೆ ಉಳಿದವರು ಕೂರುವುದು ಹೇಗೆ? ಕೈ ತೊಳೆದು ಎಲ್ಲರೂ ಹಿಂದೆಯೇ ಹೋದರು.

ಕಮ್ಮಾರರು ಹೆಂಡತಿಯ ಎದುರಿಗೆ ಕೂತು ಎರಡು ಮುದ್ದೆ ಉಂಡರು. ಹೊರಗೆ ಬಿಸಿಲು. ಹತ್ತು ನಿಮಿಷಕ್ಕೆ ಒಬ್ಬ ಕಂಬಕ್ಕೆ ಒರಗಿದ, ಇನ್ನೊಬ್ಬ ಕಿರೀಟ ಬಿಚ್ಚಿ ಗಾಳಿ ಹಾಕಿಕೊಂಡ. ಹೆಂಡತಿ ಅದನ್ನೇ ನೋಡುತ್ತಿದ್ದರು.

"ಅವ್ರಿಗೆ ನಿಂತ್ಕಳಕ್ಕೇ ಬರಾಕಿಲ್ಲ ಕಣ್ರೀ," ಎಂದರು.

ಅಷ್ಟರಲ್ಲಿ ಮಾಲೀಕರು ಬಂದರು. ಬಾಗಿಲ ಮುಂದೆ ನಿಂತವರನ್ನು ನೋಡಿ ಗಾಬರಿಯಾದರು.

"ಎಷ್ಟು ಜನ ವಾಚ್‌ಮನ್ ಇಟ್ಟಿದ್ದೀಯಲಾ?"

ಎಣಿಸಿ ಹೇಳಿದೆ. ಏಳು.